ವಾರಗಿತ್ತಿಯ ಅಂಗೈ

ಚಿಕ್ಕ ಸೊಸೆ ಪ್ಯಾಕೆಟ್ಟನ್ನು ಎತ್ತಿ ಹಿಡಿದು "ಲೀಕ್" ಅಂದಾಗ ಪ್ಯಾಕಿಂಗ್ ಹಾಲಿನಲ್ಲಿದ್ದವರೆಲ್ಲ ತಲೆಯೆತ್ತಿ ದೊಡ್ಡ ಸೊಸೆಯ ಕಡೆ ನೋಡಿದರು. ಹೇಳಿದವಳ ದನಿಯಲ್ಲಿ ಕೊಂಕು ಇರಲಿಲ್ಲ. ದೊಡ್ಡವಳಿಗೆ ಹೊಟ್ಟೆ ಉರಿದದ್ದು ಅದಕ್ಕೇ. ಕೊಂಕಿದ್ದಿದ್ದರೆ ತಿರುಗಿ ಒಂದು ಮಾತು ಆಡಬಹುದಿತ್ತು.

ಒಂದೇ ಮನೆಯ ಸೊಸೆಯರಿಬ್ಬರೂ ಹುರಿದ ಗೋಡಂಬಿ, ಕಡಲೆಬೀಜ ಪ್ಯಾಕ್ ಮಾಡುವ ಆ ಕಾರ್ಖಾನೆಗೇ ಹೋಗುತ್ತಿದ್ದರು. ದೊಡ್ಡವಳು ಬಿಸಿ ಮೆಷಿನ್ನಿನ ಮುಂದೆ ನಿಂತು ಪ್ಯಾಕೆಟ್ಟಿನ ಬಾಯಿ ಮುಚ್ಚುವವಳು. ಚಿಕ್ಕವಳು ಬೆಲ್ಟಿನ ಕೊನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು ಒಂದೊಂದನ್ನೂ ಅಂಗೈಯಲ್ಲಿ ಅದುಮಿ ನೋಡುವವಳು. ಒಳಗೆ ಗಾಳಿ ನಿಂತಿದ್ದರೆ ಪೆಟ್ಟಿಗೆಗೆ, ಮೆತ್ತಗಿದ್ದರೆ ಪಕ್ಕದ ಬುಟ್ಟಿಗೆ. ಬುಟ್ಟಿಗೆ ಬಿದ್ದದ್ದನ್ನು ಕೆಲಸದವರು ಹಂಚಿಕೊಂಡು ಮನೆಗೆ ಒಯ್ಯುವುದು ವಾಡಿಕೆ. ಗಾಳಿಯಾಡಿದ ಬೀಜ ನಾಳೆಗೆ ಉಳಿಯುವುದಿಲ್ಲ ಅಂತ ಅತ್ತೆ ಅದನ್ನು ಅವತ್ತೇ ರುಬ್ಬಿ ಅಡುಗೆಗೆ ಹಾಕಿಬಿಡುತ್ತಿದ್ದರು.

ಮೈದುನನಿಗೆ ಹೆಣ್ಣು ನೋಡಿ ಬಂದು "ಒಳ್ಳೆ ಹುಡುಗಿ" ಅಂದದ್ದು ದೊಡ್ಡವಳೇ. ಕಾರ್ಖಾನೆಯಲ್ಲಿ ಹೇಳಿ ಕೆಲಸ ಕೊಡಿಸಿದ್ದೂ ಅವಳೇ. ಸುಮ್ಮನಿರಲಾರದೆ ಮೈಮೇಲೆ ಇರುವೆ ಬಿಟ್ಟುಕೊಂಡ ಹಾಗಾಯಿತು. ತಾನು ವರ್ಷಗಟ್ಟಲೆ ನಿಂತ ಕಾಲಲ್ಲಿ ನಿಂತಿದ್ದರೆ ಬಂದವಳಿಗೆ ಕುರ್ಚಿ ಸಿಕ್ಕಿತು. ಆಮೇಲೆ ಮನೆಯ ಉಗ್ರಾಣದ ಬೀಗದ ಕೈಯೂ ಸಿಕ್ಕಿತು. "ದೊಡ್ಡವಳು ಮಾತಾಡಿದ್ರೆ ಮುತ್ತು ಉದುರುತ್ತೆ ಅಂತ ಬಾಯಿ ಬಿಡಲ್ಲ. ಚಿಕ್ಕವಳು ಮನೇಲಿದ್ರೆ ದೀಪ ಹಚ್ಚೋದೇ ಬೇಡ," ಎಂದು ಅತ್ತೆ ನೆರೆಯವರ ಮುಂದೆ ನಗುತ್ತಿದ್ದರು.

ಅದನ್ನೆಲ್ಲ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ಒಂದು ಸಂಜೆ ನಡೆಯಿತು. ಬುಟ್ಟಿಯಿಂದ ತಂದ ಪ್ಯಾಕೆಟ್ಟುಗಳನ್ನು ಮೇಜಿನ ಮೇಲೆ ಸುರಿದಾಗ ದೊಡ್ಡವಳ ಗಂಡ ಅದರಲ್ಲಿ ಕೈಯಾಡಿಸಿ, ಮೆಣಸು ಹಾಕಿದ ಗೋಡಂಬಿಯದೊಂದನ್ನು ಹುಡುಕಿ ತಮ್ಮನ ಹೆಂಡತಿಯ ಮುಂದೆ ಇಟ್ಟ. "ಇವಳಿಗೆ ಇದೇ ಆಗ್ಬೇಕು," ಅಂದ. ಚಿಕ್ಕವಳು ನಕ್ಕಳು, ಅವನೂ ನಕ್ಕ. ತನ್ನ ಹೆಂಡತಿಗೆ ಯಾವುದು ಇಷ್ಟವೆಂದು ಅವನಿಗೆ ಗೊತ್ತಿರಲಿಲ್ಲ. ಅವಳಿಗೂ ಮೆಣಸಿನದೇ ಇಷ್ಟವಾಗಿತ್ತು.

"ಲೀಕ್" ಎಂದ ದಿನ ಮನೆಗೆ ಹೋಗುವ ದಾರಿಯಲ್ಲಿ ದೊಡ್ಡವಳು ಒಂದೇ ಮಾತು ಹೇಳಿದಳು. "ನನ್ನ ಪ್ಯಾಕೆಟ್ಟು ಹೋಗಿದ್ರೆ ಸುಮ್ನೆ ತೆಗೆದಿಡು. ಬಾಯಿ ಬಿಟ್ಟು ಹೇಳ್ಬೇಡ."

ಚಿಕ್ಕವಳ ಮುಖ ಇಷ್ಟಾಯಿತು. "ಇನ್ಮೇಲೆ ಹೇಳಲ್ಲ ಅಕ್ಕ. ನಮ್ಮಮ್ಮನಾಣೆ."

ಹೇಳಿದಂತೆ ನಡೆದುಕೊಂಡಳು ಕೂಡ. ಆದರೆ ಆ ಮೌನವೂ ಕುರ್ಚಿಯ ಮೇಲಿಂದಲೇ ಬರುತ್ತಿತ್ತು.

ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದ ಹಳೆಯ ಕ್ಯಾಲೆಂಡರಿನಲ್ಲಿ ಚಹಾ ತೋಟದ ಚಿತ್ರವಿತ್ತು. ಹಸಿರು ಗುಡ್ಡ, ಗುಡ್ಡಕ್ಕೆ ಬಾಚಣಿಗೆ ಎಳೆದಂಥ ಸಾಲು. ವರ್ಷ ಕಳೆದರೂ ಚಿಕ್ಕವಳು ಅದನ್ನು ತೆಗೆಯಲು ಬಿಟ್ಟಿರಲಿಲ್ಲ. ಒಮ್ಮೆಯಾದರೂ ಇಂಥ ಕಡೆ ಹೋಗಬೇಕು ಅನ್ನುತ್ತಿದ್ದಳು. ದೊಡ್ಡವಳು ಒಂದು ದಿನ ಪಾತ್ರೆ ತೊಳೆಯುತ್ತ ಆ ಚಿತ್ರವನ್ನೇ ನೋಡಿದಳು. ಚಿಕ್ಕವಳಿಗೆ ಊರೊಳಗಿನ ಬಸ್ಸು ನಾಲ್ಕು ಸಲ ತಿರುಗಿದರೂ ವಾಂತಿಯಾಗುತ್ತದೆ. ಬೆಟ್ಟದ ದಾರಿಯಲ್ಲಿ ವಾಂತಿ ಮಾಡುವ ಹೆಂಗಸನ್ನು ನೋಡಿ ಯಾರೂ ವೈದ್ಯರನ್ನು ಕರೆಯುವುದಿಲ್ಲ. ಕಿಟಕಿ ತೆರೆಯುತ್ತಾರೆ, ಅಷ್ಟೆ.

ಆ ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ ಬಂತು.

ಪ್ರವಾಸದ ಮಾತನ್ನು ಅವಳೇ ಎತ್ತಿದಳು. ಮನೆಯವರಿಗೆ ಆಶ್ಚರ್ಯವಾಯಿತು, ಆಮೇಲೆ ಸಂತೋಷವಾಯಿತು. ಬುಕಿಂಗ್ ಮಾಡುವ ಅಂಗಡಿಗೆ ಅವಳೇ ಹೋದಳು. ಅಂಗಡಿಯವನು ಮೂರು ಗಿರಿಧಾಮಗಳ ಫೋಟೊ ಹರಡಿದ. ಮೊದಲನೆಯದಕ್ಕೆ ದಾರಿ ನೇರ, ಊರಲ್ಲಿ ದೊಡ್ಡ ಆಸ್ಪತ್ರೆ. ಅದನ್ನು ಬದಿಗೆ ಸರಿಸಿದಳು. ಎರಡನೆಯದರಲ್ಲಿ ಜನವೋ ಜನ. ಮೂರನೆಯದು ಎಲ್ಲಕ್ಕಿಂತ ಎತ್ತರದಲ್ಲಿತ್ತು. ತೋಟದ ನಡುವೆ ಒಂಟಿ ಅತಿಥಿಗೃಹ, ಫೋನಿಗೆ ಸಿಗ್ನಲ್ ಇಲ್ಲ, ವೈದ್ಯರು ಬೇಕೆಂದರೆ ಬೆಟ್ಟ ಇಳಿಯಬೇಕು.

"ತಿರುವು ಜಾಸ್ತೀನಾ?" ಎಂದು ಕೇಳಿದಳು.

"ಅಷ್ಟೇನಿಲ್ಲ ಮೇಡಂ, ಹೆದರ್ಬೇಡಿ," ಎಂದು ಅವನು ಸಮಾಧಾನ ಹೇಳಿದ. ಅವಳ ಮುಖ ಬಾಡಿತು. ಅವನು ಗಾಬರಿಯಾಗಿ, ಇರುವುದನ್ನು ಇದ್ದ ಹಾಗೆ ಹೇಳಬೇಕಲ್ಲ, ತಿರುವುಗಳು ಸಾಕಷ್ಟಿವೆ ಎಂದು ಒಪ್ಪಿಕೊಂಡ. ಅವಳು ಅದನ್ನೇ ಗೊತ್ತುಮಾಡಿ ಬಂದಳು.

ಉಳಿದದ್ದೆಲ್ಲ ತಾನಾಗಿಯೇ ಕೂಡಿಬಂದಂತಿತ್ತು. ಅತ್ತೆ ಮಗಳ ಮನೆಗೆ ಹೋಗುತ್ತಾರೆ. ಗಂಡ ವ್ಯಾನ್ ಓಡಿಸುವವನು, ಯಜಮಾನರ ಕಾರು ಕೇಳಿ ತರುತ್ತಾನೆ. ಮೈದುನ ಮೋಟಾರು ರಿಪೇರಿ ಮಾಡುವವನು, ಯಂತ್ರ ಕಂಡರೆ ಊಟ ಮರೆಯುತ್ತಾನೆ. ಗುಡ್ಡದ ಆಚೆ ಬದಿಯಲ್ಲಿ ಚಹಾ ಕಾರ್ಖಾನೆಯಿದೆ, ಬಂದವರನ್ನು ಒಳಗೆ ಬಿಟ್ಟು ತೋರಿಸುತ್ತಾರೆ ಎಂದು ಅಂಗಡಿಯವನು ಹೇಳಿದ್ದ. ಗಂಡಸರು ಕಾರು ತೆಗೆದುಕೊಂಡು ಅಲ್ಲಿಗೆ ಹೋದರೆ ಸಂಜೆಯವರೆಗೆ ತಿರುಗಿ ಬರುವುದಿಲ್ಲ. ಕಾರಿಲ್ಲದ ಮೇಲೆ ಬೆಟ್ಟ ಇಳಿಯುವ ಮಾತೇ ಇಲ್ಲ.

ವಾಂತಿಯಾದ ಮೇಲೆ ಬಾಯಿ ಸರಿಮಾಡಿಕೊಳ್ಳಲು ಚಿಕ್ಕವಳಿಗೆ ಮೆಣಸಿನ ಗೋಡಂಬಿ ಬೇಕೇ ಬೇಕು. ಗಂಡನಿಗೆ ಮೆಣಸು ಮುಟ್ಟಿದರೆ ಬಿಕ್ಕಳಿಕೆ. ಮೈದುನನ ಹಲ್ಲಿಗೆ ಗೋಡಂಬಿ ಆಗದು. ದಾರಿಯ ತಿಂಡಿಗೆಂದು ದೊಡ್ಡವಳು ಬುಟ್ಟಿಯದನ್ನು ಬಿಟ್ಟು ಗಟ್ಟಿ ಸೀಲಿನ ಪ್ಯಾಕೆಟ್ಟುಗಳನ್ನೇ ಕಾರ್ಖಾನೆಯಲ್ಲಿ ಕೊಂಡು ತಂದಳು, ಅವುಗಳಲ್ಲಿ ಮೆಣಸಿನ ಗೋಡಂಬಿಯದು ಒಂದೇ. ಆ ಪ್ಯಾಕೆಟ್ಟನ್ನು ಬೇರೆ ಯಾರೂ ಒಡೆಯುವುದಿಲ್ಲ.

ಕಾರ್ಖಾನೆಯ ಗೋದಾಮಿನಲ್ಲಿ ಇಲಿಗಳಿಗೆಂದು ಇಡುವ ಪುಡಿಯನ್ನು ಅವಳು ಚಿಟಿಕೆ ಚಿಟಿಕೆಯಾಗಿ ತಂದಿಟ್ಟುಕೊಂಡಳು. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಹೊರಡುವ ಹಿಂದಿನ ದಿನ ಮನೆಯಲ್ಲಿ ಯಾರೂ ಇಲ್ಲದಾಗ ಆ ಮೆಣಸಿನ ಪ್ಯಾಕೆಟ್ಟಿನ ತಳದ ಅಂಚನ್ನು ಬಿಡಿಸಿ, ಪುಡಿ ಸುರಿದು, ಅಲುಗಾಡಿಸಿದಳು. ಚಾಕುವಿನ ಬೆನ್ನು ಕಾಯಿಸಿ ಅಂಚನ್ನು ಮತ್ತೆ ಕೂಡಿಸಿದಳು. ಮೇಲೆ ಸ್ಟೀಲಿನ ಬಾಚಣಿಗೆ ಬಿಸಿಮಾಡಿ ಒತ್ತಿದಾಗ ಮೆಷಿನ್ನಿನ ಹಲ್ಲಿನ ಗುರುತಿನಂಥದೇ ಗೆರೆಗಳು ಮೂಡಿದವು. ಎರಡೂ ಅಂಗೈ ನಡುವೆ ಇಟ್ಟು ಅದುಮಿದಳು. ಗಾಳಿ ಹೊರಗೆ ಬರಲಿಲ್ಲ. ಈಗ ಬಂದು ಲೀಕ್ ಅನ್ನಲಿ, ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಇಷ್ಟು ವರ್ಷಗಳಲ್ಲಿ ಇಷ್ಟು ಚೆಂದದ ಸೀಲು ಅವಳ ಕೈಯಿಂದ ಬಂದಿರಲಿಲ್ಲ. ತೋರಿಸಲು ಯಾರೂ ಇಲ್ಲವಲ್ಲ ಎಂದು ಸ್ವಲ್ಪ ಬೇಸರವೂ ಆಯಿತು.

ತಿರುವುಗಳು ಅವಳನ್ನು ನಿರಾಸೆಗೊಳಿಸಲಿಲ್ಲ. ಮೊದಲನೆಯ ತಿರುವಿಗೇ ಚಿಕ್ಕವಳು ಕಣ್ಣು ಮುಚ್ಚಿದಳು. ನಡುವೆ ಎರಡು ಸಲ ಕಾರು ನಿಲ್ಲಿಸಬೇಕಾಯಿತು. ದೊಡ್ಡವಳು ಅವಳ ಬೆನ್ನು ತಿಕ್ಕಿದಳು, ಮುಖಕ್ಕೆ ನೀರು ಹಾಕಿದಳು. ಗಂಡ ಕನ್ನಡಿಯಲ್ಲಿ ಅದನ್ನು ನೋಡಿ, "ನೀನಿದ್ದೀಯಲ್ಲ, ಅವಳಿಗೇನು ಭಯ," ಅಂದ. ಮದುವೆಯಾದ ಮೇಲೆ ಅವನು ಆಡಿದ ಒಳ್ಳೆಯ ಮಾತುಗಳಲ್ಲಿ ಅದೊಂದು. ಅದು ಕೂಡ ಚಿಕ್ಕವಳಿಂದಲೇ ಬಂತು.

ಅತಿಥಿಗೃಹ ತಲುಪಿದಾಗ ಮಂಜು ಬಾಗಿಲಿಗೇ ಬಂದು ನಿಂತಿತ್ತು. ಅಡುಗೆಯವಳೊಬ್ಬಳು ಬೆಂಕಿ ಹಾಕಿಕೊಟ್ಟು, ಚಹಾ ಕೊಟ್ಟಳು. ತಿಂಡಿಯ ಚೀಲವನ್ನು ದೊಡ್ಡವಳು ಬಿಚ್ಚಲೇ ಇಲ್ಲ, ಚಿಕ್ಕವಳ ಮಂಚದ ಪಕ್ಕ ಇಟ್ಟಳು. ಅದನ್ನು ಬಿಚ್ಚುವ ಕೈ ತನ್ನದಾಗಿರಬಾರದು.

ಬೆಳಗ್ಗೆ ಗಂಡಸರು ಕಾರು ಹತ್ತಿದರು. ಚಿಕ್ಕವಳಿಗೆ ಇನ್ನೂ ತಲೆ ಎತ್ತಲು ಆಗುತ್ತಿರಲಿಲ್ಲ. ದೊಡ್ಡವಳು ಅವಳಿಗೆ ಹೊದಿಸಿ, "ಬಾಯಿಗೆ ಏನಾದ್ರೂ ಹಾಕ್ಕೋ. ನಾನು ಒಂದು ಸುತ್ತು ಹೋಗಿ ಬರ್ತೀನಿ," ಎಂದು ಹೇಳಿ ತೋಟದೊಳಗೆ ನಡೆದಳು.

ಕ್ಯಾಲೆಂಡರಿನಲ್ಲಿದ್ದ ಹಾಗೇ ಇತ್ತು ಎಲ್ಲ. ಸಾಲುಗಳ ನಡುವೆ ಹೆಂಗಸರು ನಿಂತ ಕಾಲಲ್ಲೇ ಚಿಗುರು ಕೀಳುತ್ತಿದ್ದರು. ಅವರಲ್ಲಿ ಯಾರಿಗೂ ಕುರ್ಚಿ ಇರಲಿಲ್ಲ. ಅದನ್ನು ನೋಡಿ ಅವಳಿಗೆ ಮನಸ್ಸು ಹಗುರಾಯಿತು. ಸೂರ್ಯ ನೆತ್ತಿಗೆ ಬರುವವರೆಗೆ ಅಲ್ಲೇ ಅಲೆದಳು. ದುಃಖದಲ್ಲಿ ಹೇಗೆ ಕೂರಬೇಕು, ಯಾರ ಹೆಗಲಿಗೆ ತಲೆ ಇಡಬೇಕು ಎಂದು ಯೋಚಿಸಿದಳು. ಗಂಡ ಎಷ್ಟು ಅತ್ತಾನು ಎಂಬುದೊಂದೇ ಅವಳನ್ನು ಕೊರೆಯುತ್ತಿತ್ತು. ಸತ್ತ ಮೇಲೂ ಅವನ ಕಣ್ಣೀರನ್ನು ಚಿಕ್ಕವಳೇ ಒಯ್ದರೆ?

ತಿರುಗಿ ಬಂದಾಗ ಚಿಕ್ಕವಳು ಊಟದ ಮೇಜಿನ ಮುಂದೆ ಶಾಲು ಹೊದ್ದು ಕೂತಿದ್ದಳು. ಮುಖ ಬಿಳಿಚಿತ್ತು. ಮೂಲೆಯ ಕಸದ ಡಬ್ಬಿಯಲ್ಲಿ ಮೆಣಸಿನ ಗೋಡಂಬಿಯ ಪ್ಯಾಕೆಟ್ಟು ಖಾಲಿಯಾಗಿ ಬಿದ್ದಿತ್ತು. ದೊಡ್ಡವಳು ಅದನ್ನು ನೋಡಿಕೊಂಡೇ ಕೇಳಿದಳು.

"ಏನಾದ್ರೂ ತಿಂದ್ಯಾ?"

"ಹ್ಞೂಂ ಅಕ್ಕ. ಬಾಯಿ ಸರಿಹೋಯ್ತು." ಚಿಕ್ಕವಳು ತಟ್ಟೆಯನ್ನು ಮುಂದೆ ಸರಿಸಿದಳು. "ನೀವು ಉಣ್ಣಿ. ಚಳೀಲಿ ಹಸಿವಾಗಿರುತ್ತೆ. ನಿಮಗೆ ಅಂತಲೇ ಮಾಡಿಸಿದ್ದೀನಿ. ನನಗೆ ಇವತ್ತು ಅನ್ನ ನೋಡಿದ್ರೆ ಆಗಲ್ಲ."

ಪುಡಿ ಕೆಲಸ ಮಾಡಲು ಹೊತ್ತು ಬೇಕು. ಅಲ್ಲಿಯವರೆಗೆ ಎಂದಿನಂತೆ ಇರುವುದೇ ಸರಿ. ದೊಡ್ಡವಳು ಖಾಲಿ ಪ್ಯಾಕೆಟ್ಟನ್ನು ಎತ್ತಿ ಬೆಂಕಿಗೆ ಹಾಕಿದಳು. ಅದು ಮುದುರಿ ಕಪ್ಪಾಗುವವರೆಗೆ ನೋಡಿದಳು. ಆಮೇಲೆ ಕೈ ತೊಳೆದು ಕೂತಳು. ಬಿಸಿ ಅನ್ನ, ಅದರ ಮೇಲೆ ಗಟ್ಟಿಯಾದ, ನುಣ್ಣಗಿನ ತರಕಾರಿ ಸಾರು. ಅದರ ಖಾರ ಗಂಟಲಿಗೆ ಹಿತವಾಗಿತ್ತು. ಹೊಟ್ಟೆ ತುಂಬ ಉಂಡಳು. ಚಿಕ್ಕವಳು ಎದುರಿಗೆ ಕೂತು, ಕೆನ್ನೆಗೆ ಕೈಕೊಟ್ಟು, ತಾಯಿಯ ಹಾಗೆ ಅವಳು ಉಣ್ಣುವುದನ್ನೇ ನೋಡುತ್ತಿದ್ದಳು.

"ನಿಮಗೂ ಮೆಣಸಂದ್ರೆ ಇಷ್ಟ ಅಲ್ವಾ ಅಕ್ಕ? ಮನೇಲಿ ಯಾರಿಗೂ ಗೊತ್ತಿಲ್ಲ. ನಾನು ನೋಡಿದ್ದೀನಿ."

ದೊಡ್ಡವಳ ಕೊನೆಯ ತುತ್ತು ತಟ್ಟೆಯಲ್ಲೇ ನಿಂತಿತು. "ಇದಕ್ಕೆ ಏನು ಹಾಕಿಸ್ದೆ?"

ಚಿಕ್ಕವಳು ತಲೆ ತಗ್ಗಿಸಿದಳು. ಹೇಳಬಾರದು ಅಂತ ಆಣೆ ಹಾಕಿದ್ದೆ, ನೀವೇ ಕೇಳಿದ್ದಕ್ಕೆ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬಾರದು ಎಂದಳು. ಬೆಳಗ್ಗೆ ಚೀಲಕ್ಕೆ ಕೈ ಹಾಕಿದಾಗ ಮೆಣಸಿನ ಪ್ಯಾಕೆಟ್ಟು ಅಂಗೈಗೆ ಮೆತ್ತಗೆ ಸಿಕ್ಕಿತಂತೆ. ಅದಕ್ಕೇ ಕಡಲೆಬೀಜದ್ದನ್ನು ಒಡೆದು ತಿಂದು, ಆ ಮೆಣಸಿನ ಗೋಡಂಬಿಯನ್ನು ಅತ್ತೆ ಮಾಡುವ ಹಾಗೆ ರುಬ್ಬಿ ಸಾರಿಗೆ ಹಾಕಲು ಅಡುಗೆಯವಳಿಗೆ ಕೊಟ್ಟಳಂತೆ. ಮೆತ್ತಗಿರಲಿಲ್ಲ, ನಾನೇ ಅದುಮಿ ನೋಡಿದ್ದೆ, ಎಂದು ದೊಡ್ಡವಳು ಕೂಗಲು ಹೊರಟಳು; ಬಾಯಿಂದ ಗಾಳಿ ಮಾತ್ರ ಬಂತು. ಚಹಾ ತಂದ ಅಡುಗೆಯವಳು ನಗುತ್ತ, "ಕೆಳಗಿನಿಂದ ಬಂದ ಪ್ಯಾಕೆಟ್ಟುಗಳು ಈ ಎತ್ತರಕ್ಕೆ ಹೀಗೇ ಉಬ್ಬುತ್ತವಮ್ಮ. ಸೀಲು ಎಲ್ಲಾದ್ರೂ ಕೂದಲಷ್ಟು ಸಡಿಲ ಇದ್ರೆ ಅಲ್ಲೇ ಬಿಟ್ಕೊಳ್ಳುತ್ತೆ," ಎಂದು ಹೇಳಿ, ಪಕ್ಕದಲ್ಲಿದ್ದ ತಿಂಡಿಯ ಚೀಲದಲ್ಲಿ ಉಳಿದಿದ್ದವನ್ನು ಮೇಜಿನ ಮೇಲೆ ಸುರಿದಳು. ಮೆಷಿನ್ನಿನಲ್ಲಿ ದೊಡ್ಡವಳೇ ಬಾಯಿ ಮುಚ್ಚಿದ ಆ ಪ್ಯಾಕೆಟ್ಟುಗಳೆಲ್ಲ ದಿಂಬಿನ ಹಾಗೆ ಬಿಗಿಯಾಗಿ ಊದಿ ನಿಂತಿದ್ದವು. ಒಂದರಲ್ಲೂ ಲೀಕ್ ಇರಲಿಲ್ಲ.