ಮೀನಿನ ಗಂಟಲಲ್ಲಿ ಏನಿತ್ತು

"ಕೋಲ್ಬಿ, ನೀನು ಮೀನು ಹಿಡಿಯೋಕೆ ಬಂದಿದೀಯೋ, ಮರ ಹಿಡಿಯೋಕೋ?"

ರೇಲಿನ್ ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ಕೋಲ್ಬಿಯ ಗಾಳ ಮತ್ತೆ ದಡದ ಕೊಂಬೆಗೆ ಸಿಕ್ಕಿಕೊಂಡಿತ್ತು. ಅವನು ಕಿವಿ ಕೆಂಪಗೆ ಮಾಡಿಕೊಂಡು ದಾರ ಜಗ್ಗುತ್ತಿದ್ದ.

ದೋಣಿಯ ಹಿಂದುಗಡೆ ರೇಲಿನ್‌ಳ ವರ್ನಾ ಅತ್ತೆ ಬೇಯಿಸಿದ ಕಡಲೆಕಾಯಿ ಸುಲಿಯುತ್ತ ಕೂತಿದ್ದಳು. ಶಾಲಾ ಮಕ್ಕಳು ಬಾಸ್ ಎಂಬ ಮೀನು ಹಿಡಿಯುವ ಈ ಪಂದ್ಯದಲ್ಲಿ ದೊಡ್ಡವರು ದೋಣಿ ನಡೆಸಬಹುದು, ಅಷ್ಟೇ. ಗಾಳ ಮುಟ್ಟುವಂತಿಲ್ಲ, ಉಪಾಯ ಹೇಳುವಂತಿಲ್ಲ. ಅತ್ತೆಗೆ ಬಾಯಿ ಮುಚ್ಚಿಕೊಂಡು ಕೂರುವುದು ಎಲ್ಲಕ್ಕಿಂತ ಕಷ್ಟ. ಅದಕ್ಕೇ ಒಂದು ಡಬ್ಬಿ ತುಂಬ ಕಡಲೆಕಾಯಿ.

ಅವರ ಶಾಲೆಯಿಂದ ದೋಣಿಗಿಬ್ಬರಂತೆ ಮೂರು ದೋಣಿಗಳು ನೀರಿಗಿಳಿದಿದ್ದವು. ಮೂರೂ ದೋಣಿಯವರು ಅಳತೆಗೆ ಬರುವ ಒಂದೊಂದು ಮೀನಾದರೂ ತಂದರೆ ಮಾತ್ರ ಅಲಬಾಮಾ ರಾಜ್ಯದ ಪಂದ್ಯಕ್ಕೆ ಹೋಗಬಹುದು. ಉಳಿದೆರಡು ದೋಣಿಯವರಿಗೆ ಆಗಲೇ ಸಿಕ್ಕಿತ್ತು. ಪಕ್ಕದಲ್ಲೇ ಹಾದುಹೋಗುವಾಗ ದೋಣಿಯಲ್ಲಿ ಕುಣಿದು ತೋರಿಸಿದ್ದರು. ಹಿಡಿದ ಮೀನು ಬಿಡುವ ಇವರ ದೋಣಿಯ ತೊಟ್ಟಿಯಲ್ಲಿ ಮಾತ್ರ ಬರೀ ನೀರು. ಮಧ್ಯಾಹ್ನ ಗಂಟೆ ಮೂರು ಹೊಡೆಯುವುದರೊಳಗೆ ದಡ ಸೇರಬೇಕು.

ರೇಲಿನ್‌ಳ ಜೊತೆಗಾತಿ ಸವಾನಾ ಸೈಕಲ್ಲಿನಿಂದ ಬಿದ್ದು ಕೈ ಮುರಿದುಕೊಂಡಿದ್ದಳು. ಅವಳ ಬದಲಿಗೆ ಬಂದವನು ಈ ಕೋಲ್ಬಿ. ಗಾಳ ಎಸೆಯುವುದಕ್ಕಿಂತ ಸುಮ್ಮನೆ ನೋಡುತ್ತ ಕೂರುವುದೇ ಅವನಿಗೆ ಇಷ್ಟ.

ರೇಲಿನ್‌ಳ ದಾರದ ತುದಿಯಲ್ಲಿ ಬೆಳ್ಳಿಯ ಹಾಗೆ ಹೊಳೆಯುವ, ಬಾಸ್‌ಗೆ ಆಸೆ ತೋರಿಸುವ ಹುಸಿಮೀನು ಇತ್ತು. ಅದನ್ನೇ ಹಾಕಿ ಅವಳು ಅಕ್ಟೋಬರ್‌ನಲ್ಲಿ ಕಪ್ ಗೆದ್ದಿದ್ದಳು. ಇದು ಮಾರ್ಚ್. ಆದರೂ ಅವಳಿಗೆ ಅದರ ಮೇಲೆಯೇ ನಂಬಿಕೆ. ಬೆಳಗಿನಿಂದ ಮುಳುಗಿದ ಮರದ ಬುಡ, ದೋಣಿಕಟ್ಟೆಯ ನೆರಳು, ಜೊಂಡಿನ ಅಂಚು, ಎಲ್ಲ ಕಡೆ ಎಸೆದಾಗಿತ್ತು. ನಾಲ್ಕು ಸಲ ಎಸೆಯುವುದು, ಸಿಗದಿದ್ದರೆ "ಅತ್ತೆ, ಮುಂದಕ್ಕೆ" ಅನ್ನುವುದು.

ಅಷ್ಟರಲ್ಲಿ ಕೋಲ್ಬಿಯ ಕೋಲು ಬಾಗಿತು. ಅವನ ಕಂದು ಬಣ್ಣದ ರಬ್ಬರ್ ಹುಳುವಿಗೆ ಒಂದು ಬಾಸ್ ಬಾಯಿ ಹಾಕಿತ್ತು. ರೇಲಿನ್ ತನ್ನ ಕೋಲು ಬಿಟ್ಟು ಓಡಿಬಂದಳು. ಅಳತೆ ಹಲಗೆಯ ಮೇಲೆ ಮಲಗಿಸಿದರು. ಬಾಲ ಒತ್ತಿ ಹಿಡಿದರು. ಒಂದು ಬೆರಳಿನಷ್ಟು ಕಡಿಮೆ.

"ಬಿಟ್ಬಿಡು. ಟೈಮ್ ವೇಸ್ಟ್" ಎಂದಳು ರೇಲಿನ್. ಅವಳಿಗೆ ಅಳುವೇ ಬರುವಂತಾಗಿತ್ತು.

ಕೋಲ್ಬಿ ಮಾತ್ರ ಮೀನಿನ ಬಾಯಿಯನ್ನು ಅಗಲಿಸಿ ಒಳಗೆ ಇಣುಕುತ್ತಿದ್ದ.

"ನೀನೇನು ಹಲ್ಲಿನ ಡಾಕ್ಟ್ರಾ?"

"ಗಂಟಲಲ್ಲಿ ಏನೋ ಇದೆ."

ಮೀನು ಒಮ್ಮೆ ಒದರಿಕೊಂಡಿತು. ಅದರ ಬಾಯಿಂದ ಏನೋ ಹಲಗೆಯ ಮೇಲೆ ಬಿತ್ತು. ಕೋಲ್ಬಿ ಬೇಗ ಬೇಗ ಮೀನನ್ನು ನೀರಿಗೆ ಬಿಟ್ಟು, ಬಿದ್ದದ್ದನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡ. ಇಕ್ಕಳದಂಥ ಕೆಂಪನೆಯ ಪುಟ್ಟ ಕೊಂಡಿ. ಸಿಹಿನೀರಿನ ಸಿಗಡಿಯದು, ಏಡಿಗೆ ಇರುತ್ತದಲ್ಲ, ಅಂಥದ್ದು.

ರೇಲಿನ್ ಆ ಕೊಂಡಿಯನ್ನು ನೋಡಿದಳು. ತನ್ನ ಬೆಳ್ಳಿ ಮೀನನ್ನು ನೋಡಿದಳು.

"ಬಾಸ್‌ಗಳು ಈಗ ಮೀನು ತಿಂತಾನೇ ಇಲ್ಲ, ಸಿಗಡಿ ತಿಂತಿವೆ" ಎಂದಳು ಮೆಲ್ಲಗೆ.

ಕೋಲ್ಬಿ ತನ್ನ ಪೆಟ್ಟಿಗೆ ತೆರೆದ. ಮೂಲೆಯಲ್ಲಿ ಕೆಂಪು ಬಣ್ಣದ ಒಂದೇ ಒಂದು ಹುಸಿಸಿಗಡಿ ಇತ್ತು. ಅದಕ್ಕೆ ಇನ್ನೂ ಒಂದು ಗೀರೂ ಬಿದ್ದಿರಲಿಲ್ಲ. ಇಷ್ಟು ಹೊತ್ತು ಇದನ್ನು ಯಾಕೆ ಹಾಕಲಿಲ್ಲ ಎಂದು ರೇಲಿನ್ ಕೇಳಿದಳು.

"ನಾನು ಹಾಕಿದ್ರೆ ಈಗ ಮರದಲ್ಲಿ ನೇತಾಡ್ತಿರ್ತಿತ್ತು. ನೀನು ಎಸಿ. ನೀನು ಇಟ್ಟ ಗುರಿಗೇ ಬೀಳುತ್ತೆ."

ಎಲ್ಲಿ ಎಸೆಯುವುದು? ಅದೂ ಅವನಿಗೆ ಗೊತ್ತಿತ್ತು. ಬೆಳಿಗ್ಗೆ ಅವರು ಭರ್ರೆಂದು ದಾಟಿ ಬಂದ ಕಲ್ಲುದಡದಲ್ಲಿ ಒಂದು ಕೊಕ್ಕರೆ ಕೆಂಪನೆಯದೇನನ್ನೋ ನುಂಗುತ್ತಿತ್ತಂತೆ. ಈಗ ಅಲ್ಲಿ ಬಿಸಿಲು ಬಿದ್ದು ಕಲ್ಲು ಕಾದಿರುತ್ತದೆ, ಸಿಗಡಿಗಳು ಹೊರಗೆ ಬಂದಿರುತ್ತವೆ ಎಂದ. ರೇಲಿನ್ ಕೊಕ್ಕರೆಯನ್ನು ನೋಡಿರಲೇ ಇಲ್ಲ.

"ಅತ್ತೆ..." ಅನ್ನುವಷ್ಟರಲ್ಲಿ ಅತ್ತೆ ಕಡಲೆಕಾಯಿ ಡಬ್ಬಿ ಪಕ್ಕಕ್ಕೆ ತಳ್ಳಿ ಮೋಟರ್ ಶುರುಮಾಡಿಯಾಗಿತ್ತು.

ಕಲ್ಲುದಡ ತಲುಪಿದಾಗ ಗಂಟೆ ಎರಡು ದಾಟಿತ್ತು. ರೇಲಿನ್ ಎಸೆದಳು. ಕೆಂಪು ಸಿಗಡಿ ಎರಡು ಬಂಡೆಗಳ ನಡುವೆ ತಟ್ಟನೆ ಬಿತ್ತು. ಅಭ್ಯಾಸದಂತೆ ಅವಳು ಸರಸರನೆ ರೀಲು ಸುತ್ತತೊಡಗಿದಳು.

"ನಿಧಾನ ಕಣೇ. ಅದು ಸಿಗಡಿ. ತೆವಳುತ್ತೆ" ಎಂದ ಕೋಲ್ಬಿ.

ಅವಳು ಹಲ್ಲು ಕಚ್ಚಿಕೊಂಡು ನಿಧಾನ ಮಾಡಿದಳು. ಕೆಳಗೆ ಕಲ್ಲಿಗೆ ತಾಗುವ ಟಿಕ್, ಟಿಕ್ ಕೋಲಿನುದ್ದಕ್ಕೂ ಹತ್ತಿ ಅಂಗೈಗೆ ಬರುತ್ತಿತ್ತು. ಟಿಕ್. ಟಿಕ್. ಆಮೇಲೆ ಏನೂ ಇಲ್ಲ, ಬರೀ ಭಾರ. ಕಲ್ಲಿಗೆ ಸಿಕ್ಕಿಕೊಂಡಿತು ಅಂದುಕೊಂಡಳು.

ಕಲ್ಲು ಪಕ್ಕಕ್ಕೆ ನಡೆಯಿತು.

ರೀಲು ಕಿರ್ರೆಂದಿತು. ಹಸಿರು ಮೈಯ ಬಾಸ್ ನೀರಿನಿಂದ ಮೇಲಕ್ಕೆ ಹಾರಿ, ಬಾಯಿ ತೆರೆದು ತಲೆ ಒದರಿ, ಮತ್ತೆ ಧಡಲ್ಲನೆ ಬಿತ್ತು. ಅದು ದೋಣಿಯಡಿಗೆ ನುಗ್ಗಿತು. ದಾರ ದೋಣಿಗೆ ಉಜ್ಜಿ ತುಂಡಾಗದಂತೆ ರೇಲಿನ್ ಕೋಲಿನ ತುದಿಯನ್ನು ನೀರಿಗೇ ಇಳಿಸಿ ಹಿಡಿದಳು. ಕೋಲ್ಬಿ ಹೊಟ್ಟೆಯ ಮೇಲೆ ಮಲಗಿ, ಭುಜದವರೆಗೆ ಕೈ ಮುಳುಗಿಸಿ, ಕೈಬಲೆಯನ್ನು ಮೀನಿನ ಕೆಳಗೆ ತೂರಿಸಿದ.

ಅಳತೆ ಹಲಗೆಯ ಮೇಲೆ ಬಾಲ ಗೆರೆ ದಾಟಿ ಇನ್ನೂ ಎರಡು ಬೆರಳು ಮುಂದಿತ್ತು. ಒತ್ತಿ ಹಿಡಿಯುವುದೇ ಬೇಕಾಗಲಿಲ್ಲ. ಅತ್ತೆ ಎದ್ದು ನಿಂತು, ನಿಯಮ ನೆನಪಾಗಿ, ಬರೀ ಕೈ ಬೀಸುತ್ತ ದೋಣಿಯಲ್ಲೇ ಒಂದು ಸುತ್ತು ಕುಣಿದಳು. ಬಾಸ್ ತೊಟ್ಟಿಯಲ್ಲಿ ಕಿವಿರು ಆಡಿಸುತ್ತ ನಿಂತಿತು.

ಹೊರಡಲು ಇನ್ನೂ ಸ್ವಲ್ಪ ಹೊತ್ತಿತ್ತು. ರೇಲಿನ್ ಕೋಲು ಎತ್ತಿದಳು. ಎಸೆಯಲಿಲ್ಲ. ಅದನ್ನು ಮಂಡಿಯ ಮೇಲೆ ಅಡ್ಡ ಇಟ್ಟುಕೊಂಡು ಕೋಲ್ಬಿಯ ಪಕ್ಕಕ್ಕೆ ಸರಿದು ಕೂತಳು.

"ನಿಂಗೇನು ಕಾಣ್ತಿದೆ?"

ಅವನು ನೀರಿನತ್ತ ಬೆರಳು ತೋರಿಸಿದ. ಅವಳು ಬಗ್ಗಿ ನೋಡಿದಳು. ಮೊದಲು ಬರೀ ಆಕಾಶ ಕಂಡಿತು. ಅವಳು ನೋಡುತ್ತಲೇ ಇದ್ದಳು. ಆಮೇಲೆ ಆಕಾಶದ ಕೆಳಗಿನಿಂದ ಕಲ್ಲುಗಳು ಒಂದೊಂದಾಗಿ ಮೇಲೆ ಬರತೊಡಗಿದವು.