ಓಲೆ ಸಿಕ್ಕಿದ ಮೇಲೂ

ಹಸುವಿಗೆ ಹುಲ್ಲು ಹಾಕಿ ಒಳಗೆ ಬಂದ ಭವ್ಯಶ್ರೀ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು. ಗಂಡ ರವೀಂದ್ರ ಅವಳ ಬ್ಯಾಗನ್ನು ಮಂಚದ ಮೇಲೆ ಸುರಿದು, ಒಂದೊಂದೇ ವಸ್ತು ಸರಿಸಿ ಹುಡುಕುತ್ತಿದ್ದ!

"ಏನ್ರೀ ಅದು?"

ಅವನು ತಲೆಯೆತ್ತಲಿಲ್ಲ. "ಅವ್ವನ ಓಲೆ ಕಾಣ್ತಿಲ್ವಂತೆ... ಸುಮ್ನೆ ಒಂದ್ಸಲ ನೋಡ್ದೆ."

"ಸೀರೆ ಮಡಿಕೇಲೂ ನೋಡ್ಲಾ!" ಪಡಸಾಲೆಯಿಂದ ಅತ್ತೆ ಚಿಕ್ಕಲಕ್ಷ್ಮಮ್ಮನ ದನಿ ಬಂತು. "ಅವಳೇ ಎತ್ತವ್ಳೆ ಕಣ್ಲಾ!"

ಬಾಣಂತನದಲ್ಲಿ ತನ್ನ ತಲೆಗೆ ನೀರು ಹುಯ್ದ ಅತ್ತೆ! ಯಾರಾದರೂ ಒಂದು ಮಾತು ಅಂದರೆ ತನ್ನ ಪರವಾಗಿ ಜಗಳಕ್ಕೆ ನಿಲ್ಲುತ್ತಿದ್ದ ಅತ್ತೆ! ಈಚೆಗೆ ಅವರಿಗೆ ಸೊಸೆ ಮುಟ್ಟಿದ್ದರಲ್ಲೆಲ್ಲ ಅನುಮಾನ. ಫೋನಿನಲ್ಲಿ ಯಾರ ಹತ್ತಿರ ಪಿಸುಗುಟ್ಟಿದಳು? ಸಾರು ಯಾಕೆ ಕಹಿ? ಅದನ್ನೆಲ್ಲ ನುಂಗಿಕೊಂಡಿದ್ದಳು ಭವ್ಯಶ್ರೀ. ಆದರೆ ಈಗ ಅದೇ ಅನುಮಾನ ಗಂಡನ ಕಣ್ಣಿಗೂ ಇಳಿದಿತ್ತು...

ಸಂಜೆ ಅಕ್ಕಿ ಡಬ್ಬದ ತಳದಲ್ಲಿ ಓಲೆ ಸಿಕ್ಕಿತು. ಸುತ್ತಿದ್ದ ಬಟ್ಟೆ ಚಿಕ್ಕಲಕ್ಷ್ಮಮ್ಮನದೇ. ಹಾಸನದಲ್ಲಿ ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದ ರವೀಂದ್ರನಿಗೆ, ಎಲ್ಲಿ ಕೆಟ್ಟಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಮನೆಯ ವಿಷಯವೂ ಅಷ್ಟೇ ಎಂದುಕೊಂಡ.

"ಸಿಕ್ತಲ್ಲವ್ವ, ಮುಗೀತು ಬಿಡು."

"ಸಿಗ್ದೆ ಏನಾಗ್ತದೆ? ಇಟ್ಟವ್ಳು ಅವಳೇ ಅಲ್ವಾ!"

ರವೀಂದ್ರ ಬೀರುವಿಗೆ ಬೀಗ ಹಾಕಿದ. ಕೀಲಿ ಕಳೆಯಿತು, ಅದನ್ನೂ ಸೊಸೆಯೇ ಕದ್ದಳೆಂದಾಯಿತು. ಕೊನೆಗೆ ಕ್ಯಾಮೆರಾ ಹಾಕಿಸಿದ. ಚಿಕ್ಕಲಕ್ಷ್ಮಮ್ಮ ಅತ್ತಿತ್ತ ನೋಡಿ ಓಲೆಯನ್ನು ಮತ್ತೆ ಅಕ್ಕಿಯಲ್ಲಿ ಹೂಳುವುದು ಅದರಲ್ಲಿ ಸ್ಪಷ್ಟವಾಗಿತ್ತು. ಫೋನನ್ನು ಅವ್ವನ ಮುಂದೆ ಹಿಡಿದ. ಆಕೆ ಬಹಳ ಹೊತ್ತು ದಿಟ್ಟಿಸಿದಳು.

"ನನ್ ಸೀರೆ ಉಟ್ಕೊಂಡು ನನ್ನಂಗೇ ನಡೀತವ್ಳಲ್ಲೋ... ಎಂಥಾ ಕಳ್ಳಿ ಇವಳು!"

ರವೀಂದ್ರ ಫೋನನ್ನು ಜೇಬಿಗಿಟ್ಟ. ಮರುದಿನವೇ ಅವ್ವನನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದ.

ಹಾಸನದ ಡಾಕ್ಟರು ಪರೀಕ್ಷೆಗಳನ್ನೆಲ್ಲ ನೋಡಿ, "ಮರೆವಿನ ಕಾಯಿಲೆ" ಎಂದರು. "ಸಾಕ್ಷಿ ತೋರಿಸಿ ಒಪ್ಪಿಸೋಕೆ ಹೋಗ್ಬೇಡಿ, ಅವರಿಗೆ ಭಯ ಹೆಚ್ಚುತ್ತೆ. ಎಲ್ಲ ತೊಂದರೇನೂ ಒಂದೇ ಥರ ಅಲ್ಲಪ್ಪ. ಕೆಲವಕ್ಕೆ ಮದ್ದಿದೆ. ಕೆಲವನ್ನ ದಿನಾ ಸಂಭಾಳಿಸಬೇಕು. ಇವತ್ತು ಮಾಡಿದ್ದು ನಾಳೆಗೆ ಬರಲ್ಲ."

ವಾಪಸ್ಸು ಬರುವಾಗ ಅವ್ವ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ರವೀಂದ್ರ ಮೆಲ್ಲಗೆ ಹೇಳಿದ: "ಅವ್ವಂಗೆ ಕಾಯಿಲೆ ಕಣೆ ಭವ್ಯಾ. ಮನಸ್ಸಿಗೆ ಹಚ್ಕೋಬೇಡ."

"ಅತ್ತೆಗೆ ಕಾಯಿಲೆ, ಸರಿ..." ಅವಳು ಕಿಟಕಿಯಾಚೆಗೇ ನೋಡುತ್ತಿದ್ದಳು. "ನಿಮಗೇನಾಗಿತ್ತು?"

ರವೀಂದ್ರ ಕಾರನ್ನು ತಮ್ಮೂರು ಕಟ್ಟಾಯದ ದಾರಿಗೆ ತಿರುಗಿಸಿದ.

ಆಮೇಲೆ ಚಿಕ್ಕಲಕ್ಷ್ಮಮ್ಮ ಸೊಸೆಯ ಕೈಯಡುಗೆಯನ್ನು ಮುಟ್ಟುವುದನ್ನೇ ಬಿಟ್ಟಳು. ಮಗ ಕಲಸಿಕೊಟ್ಟರೂ ಮೂಸಿ ನೋಡಿ ತಳ್ಳುತ್ತಿದ್ದಳು. ದೇಹ ದಿನದಿನಕ್ಕೆ ಇಳಿಯಿತು. ಒಂದು ಬೆಳಿಗ್ಗೆ, ತಲೆಗೆ ಸ್ನಾನ ಮಾಡಿ ಟವೆಲ್ ಸುತ್ತಿಕೊಂಡು ಬಂದ ಭವ್ಯಶ್ರೀಯನ್ನು ಆಕೆ ಕೈಸನ್ನೆ ಮಾಡಿ ಕರೆದಳು.

"ಬಾರವ್ವ ಇಲ್ಲಿ. ನೀನ್ಯಾರ ಮನೆಯವ್ಳೋ, ಒಳ್ಳೆಯವ್ಳಂಗೆ ಕಾಣ್ತೀಯ. ನನ್ ಸೊಸೆ ಊಟಕ್ಕೆ ಏನೋ ಬೆರೆಸ್ತಾಳೆ... ಹೊಟ್ಟೆ ಹಸೀತದೆ ಕಣವ್ವ. ಅವಳಿಗೆ ಗೊತ್ತಾಗ್ದಂಗೆ ಒಂದ್ ಮುದ್ದೆ ಮಾಡ್ಕೊಡ್ತೀಯಾ?"

'ಅತ್ತೆ, ನಾನೇ ನಿಮ್ಮ ಸೊಸೆ!' ಮಾತು ಗಂಟಲವರೆಗೆ ಬಂತು. ಆ ಬತ್ತಿದ ಮುಖ ನೋಡಿ ಭವ್ಯಶ್ರೀ ಅದನ್ನು ನುಂಗಿಕೊಂಡಳು.

"ಮಾಡ್ಕೊಡ್ತೀನಿ ಕಣಮ್ಮ."

"ನಿನ್ ಹೆಸರೇನವ್ವ?"

"...ಶೋಭಿತಾ."

ಬಿಸಿ ಮುದ್ದೆಯನ್ನು ಸಾರಿಗೆ ಅದ್ದಿ ಅದ್ದಿ, ಚಿಕ್ಕಲಕ್ಷ್ಮಮ್ಮ ಮಗುವಿನಂತೆ ಉಂಡಳು. ಬಾಗಿಲಲ್ಲಿ ನಿಂತಿದ್ದ ರವೀಂದ್ರನಿಗೆ ದುಃಖ ತಡೆಯಲಾಗಲಿಲ್ಲ.

"ತಪ್ಪಾಯ್ತು ಭವ್ಯಾ... ನನ್ನ ಕ್ಷಮಿಸ್ತೀಯಾ?"

ಅವಳು ಅವನತ್ತ ತಿರುಗಲಿಲ್ಲ. ಅತ್ತೆಯ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

"ಮೆಲ್ಲಗೆ ಮಾತಾಡಿ," ಎಂದಳು. "ಆ ಹೆಸರು ಕೇಳಿಸಿದ್ರೆ ಊಟ ಬಿಟ್ಟು ಎದ್ದುಬಿಡ್ತಾರೆ."