ತಂತಿಯ ಮೇಲಿನ ಹಸಿರು ಅಂಗಿಗಳು

“ಅತ್ತೆ, ಹಿತ್ತಲ ತಂತಿ ಮೇಲೆ ಏನು ಹಾಕಿದ್ದೀರಿ?”

ಪೇಟೆಯಿಂದ ಬಂದ ಸೊಸೆ ರಾಬರ್ಟಾ ಕೈಚೀಲವನ್ನು ನೆಲಕ್ಕೆ ಬಿಟ್ಟು ಕೇಳಿದಾಗ ಅತ್ತೆ ಸೇಡಿಗೆ ಮೈಯೆಲ್ಲ ಉರಿಯಿತು. ವಾರವಿಡೀ ಮಳೆ ಜಿನುಗಿದ ಮೇಲೆ ಓಮಾ ಪಟ್ಟಣ ಬಿಸಿಲು ಕಂಡಿತ್ತು. ಉತ್ತರ ಐರ್ಲೆಂಡಿನಲ್ಲಿ ಅಂಥ ಬಿಸಿಲನ್ನು ದಂಡ ಮಾಡುವ ಹೆಂಗಸು ಹೆಂಗಸೇ ಅಲ್ಲ. ಈ ಸೊಸೆಯೋ ಗಂಡನ ಅಂಗಿಗಳನ್ನು ಪರದೆ ಎಳೆದು ಬಚ್ಚಲಲ್ಲಿ ಒಣಗಿಸುವವಳು. ತನ್ನ ಗಂಡ ತೀರಿಕೊಂಡ ಮೇಲೆ ಹಳ್ಳಿಯಿಂದ ಮಗ ಮರ್ವಿನ್‌ನ ಮನೆಗೆ ಬಂದಾಗಿನಿಂದ ಆ ಮುಗ್ಗಲು ವಾಸನೆಗೆ ಸೇಡಿ ಮೂಗು ಮುರಿಯುತ್ತಲೇ ಇದ್ದಳು.

“ನನ್ನ ಮಗನ ಪೊಲೀಸ್ ಅಂಗಿ. ಕದ್ದ ಮಾಲಲ್ಲವಲ್ಲ? ನಿನ್ನ ಮಾವನೂ ಪೊಲೀಸೇ ಆಗಿದ್ರು. ಅವರ ಸಮವಸ್ತ್ರದ ಹಸಿರು ಅಂಗಿ ತಂತಿ ಮೇಲೆ ಹಾರಾಡ್ತಿದ್ರೆ ಊರೇ ಮರ್ಯಾದೆ ಕೊಡ್ತಿತ್ತು. ನಿನಗೆ ಅದು ನಾಚಿಕೆ.”

“ನಾಚಿಕೆ ಅಲ್ಲ ಅತ್ತೆ... ಭಯ. ಈಗ ಸರ್ಕಾರದ ವಿರುದ್ಧ ಬಂದೂಕು ಹಿಡಿದ ಬಂಡಾಯದವರು ಪೊಲೀಸರ ಮನೆ ಹುಡುಕ್ಕೊಂಡು ಬಂದು ಗುಂಡು ಹೊಡೀತಾರೆ. ಈ ಬೀದಿಯವರ ಲೆಕ್ಕದಲ್ಲಿ ಮರ್ವಿನ್ ಬ್ರೆಡ್ ಗಾಡಿ ಓಡಿಸೋರು. ಮಗೂಗೂ ಹಾಗೇ ಹೇಳಿಕೊಟ್ಟಿದ್ದೀವಿ.”

“ಮತ್ತೆ ನನಗ್ಯಾಕೆ ಹೇಳಲಿಲ್ಲ?”

“ಅಮ್ಮ ಹೆದರ್ತಾಳೆ, ಹೇಳಬೇಡ ಅಂತ ಮರ್ವಿನ್ ಅಂದಿದ್ರು.”

ಗುಂಡಿನ ಸುದ್ದಿಯನ್ನು ಸೇಡಿಯೂ ರೇಡಿಯೋದಲ್ಲಿ ಕೇಳಿದ್ದಳು, ಅದೆಲ್ಲ ದೂರದ ರಾಜಧಾನಿ ಬೆಲ್‌ಫಾಸ್ಟಿನ ಮಾತು ಎಂದುಕೊಂಡಿದ್ದಳು. ಇಷ್ಟು ದಿನ ತನ್ನ ಕೊಂಕು ಮಾತನ್ನೆಲ್ಲ ಈ ಹುಡುಗಿ ತುಟಿ ಕಚ್ಚಿ ನುಂಗಿಕೊಂಡಿದ್ದು ಇದಕ್ಕೇ?

ಅಷ್ಟರಲ್ಲಿ ಹಿಂಬಾಗಿಲು ತಟ್ಟಿದ ಸದ್ದಾಯಿತು. ಪಕ್ಕದ ಮನೆಯ ಬ್ರೈಡಿ ತನ್ನ ಹಾಸಿಗೆಯ ಹೊದಿಕೆಯೊಂದನ್ನು ಎದೆಗವಚಿಕೊಂಡು ನಿಂತಿದ್ದಳು. ಅದರ ಮಡಿಕೆಯೊಳಗಿಂದ ಹಸಿರು ಅಂಗಿಯ ತೋಳೊಂದು ಇಣುಕುತ್ತಿತ್ತು.

“ಮಳೆ ಬರೋ ಹಾಗಿತ್ತು ಕಣಮ್ಮ, ತೆಗೆದುಬಿಟ್ಟೆ,” ಎಂದಳು ಬ್ರೈಡಿ, ಯಾರ ಮುಖವನ್ನೂ ನೋಡದೆ. ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ. ರಾಬರ್ಟಾ ಅವಳ ಕೈ ಹಿಡಿದುಕೊಂಡಳು.

ಸಂಜೆ ಮರ್ವಿನ್ ಎಲ್ಲವನ್ನೂ ಕೇಳಿ ಎದ್ದು ಕಿಟಕಿಯ ಪರದೆ ಎಳೆದ.

“ಬ್ರೈಡಿ ಬಾಯಿ ಬಿಡಲ್ಲ. ಆದ್ರೆ ರಸ್ತೆಯಿಂದ ಇನ್ಯಾರು ನೋಡಿದರೋ... ಈ ಮನೆ ಬಿಡಬೇಕು.”

“ನಾನು ಹಳ್ಳಿಗೆ ಹೋಗ್ತೀನಿ ಮಗ. ನಿಮ್ಮ ಮನೆ ಹಾಳು ಮಾಡಿದೆ...”

“ಅತ್ತೆ ನಮ್ಮ ಜೊತೇನೇ ಇರ್ತಾರೆ,” ಎಂದಳು ರಾಬರ್ಟಾ. ತಾನು ನೆಟ್ಟ ಗುಲಾಬಿ ಗಿಡವನ್ನೂ ನಂಬಿದ ಗೆಳತಿ ಬ್ರೈಡಿಯನ್ನೂ ಬಿಟ್ಟು ಹೊರಡುವವಳ ಬಾಯಲ್ಲಿ ಆ ಮಾತು ಕೇಳಿ ಸೇಡಿ ಏಪ್ರನ್ನಿನಲ್ಲೇ ಮುಖ ಮುಚ್ಚಿ ಅತ್ತುಬಿಟ್ಟಳು. ತಾವು ಹೋಗುವ ಊರಿನ ಹೆಸರನ್ನು ಬ್ರೈಡಿಗೂ ಹೇಳುವಂತಿರಲಿಲ್ಲ.

ಹೊಸ ಊರಿನಲ್ಲಿ ಅಂಗಿಗಳನ್ನು ಬಚ್ಚಲಲ್ಲಿ ಹರವಿ ಪರದೆ ಎಳೆಯುವ ಕೆಲಸವನ್ನು ಸೇಡಿ ತಾನೇ ವಹಿಸಿಕೊಂಡಳು. ಒಂದು ದಿನ ಎದುರು ಮನೆಯಾಕೆ ಕೇಕು ಹಿಡಿದುಕೊಂಡು ಪರಿಚಯಕ್ಕೆ ಬಂದಳು. ಗೋಡೆಯ ಮೇಲೆ ಮೊಳೆಯೊಂದು ಬರಿದಾಗಿತ್ತು. ಸಮವಸ್ತ್ರದಲ್ಲಿದ್ದ ಗಂಡನ ಪಟವನ್ನು ಸೇಡಿ ಬೆಳಿಗ್ಗೆಯೇ ಇಳಿಸಿ ತನ್ನ ಪೆಟ್ಟಿಗೆಯ ತಳಕ್ಕೆ ಸೇರಿಸಿದ್ದಳು.

“ನಿಮ್ಮ ಮಗ ಏನು ಕೆಲಸ ಮಾಡ್ತಾರೆ?”

“ಬ್ರೆಡ್ ಗಾಡಿ ಓಡಿಸ್ತಾನೆ,” ಎಂದಳು ಸೇಡಿ. ಕೇಕಿನ ತುಂಡೊಂದನ್ನು ಕತ್ತರಿಸಿ ಎದುರು ಮನೆಯಾಕೆಯ ಮುಂದಿಟ್ಟು ಮುಂದುವರಿಸಿದಳು.

“ಇವನ ಅಪ್ಪನೂ ಜೀವಮಾನವೆಲ್ಲ ಅದನ್ನೇ ಮಾಡಿದ್ರು.”